ವಪೆಯ ಹಳೆಯ ಗಾಯ: ವರ್ಷಗಳ ನಂತರದ ಅಪಾಯ

ವಿದ್ಯಾರ್ಥಿಗಳೇ, ಉಸಿರಾಟದ ಪಾಠದಲ್ಲಿ ವಪೆಯ ಬಗ್ಗೆ ಓದಿದ್ದೀರಿ. ಎದೆಯನ್ನೂ ಹೊಟ್ಟೆಯನ್ನೂ ಬೇರ್ಪಡಿಸುವ, ಗುಮ್ಮಟದ ಆಕಾರದ ಸ್ನಾಯು ಇದು. ಡಾಕ್ಟರು ಡಯಾಫ್ರಮ್ ಅಂತಾರೆ. ಉಸಿರು ಎಳೆದಾಗ ಕೆಳಗಿಳಿಯುತ್ತೆ, ಬಿಟ್ಟಾಗ ಮೇಲೇರುತ್ತೆ.

ಇದು ಹರಿದರೆ ಏನಾಗುತ್ತೆ? ಮಕ್ತಲ್ ಮೇಲೆ ಹಾದುಹೋಗುವ ರಾಯಚೂರು ಹೆದ್ದಾರಿಯಲ್ಲಿ ಬೈಕ್ ಅಪಘಾತವಾಗಿ ಒಬ್ಬರ ಹೊಟ್ಟೆಗೆ ಜೋರು ಪೆಟ್ಟು ಬಿತ್ತು ಅಂತ ಇಟ್ಕೊಳ್ಳಿ. ಹೊಟ್ಟೆಯೊಳಗಿನ ಒತ್ತಡ ಒಮ್ಮೆಲೇ ಏರಿ ವಪೆ ಸೀಳಬಹುದು. ಎತ್ತಿನ ಕೊಂಬು ಅಥವಾ ಚೂರಿ ಹೊಕ್ಕರೂ ತೂತಾಗಬಹುದು. ಬಲಗಡೆ ಯಕೃತ್ತಿನ ಆಸರೆ ಇರುವುದರಿಂದ ಪೆಟ್ಟಿನ ಸೀಳು ಎಡಗಡೆಯೇ ಹೆಚ್ಚಾಗಿ ಕಾಣುತ್ತೆ.

ತೂತು ಸಣ್ಣದಿದ್ದರೆ ಆಗ ಗೊತ್ತಾಗದೇ ಹೋಗಬಹುದು. ಹೊರಗಿನ ಗಾಯ ಮಾಯುತ್ತೆ, ಆ ವ್ಯಕ್ತಿ ಮತ್ತೆ ಹೊಲಕ್ಕೆ ಹೋಗ್ತಾರೆ. ಆದರೆ ಒಳಗಿನ ತೂತು ತಾನಾಗಿ ಮುಚ್ಚಿಕೊಳ್ಳೋದು ಅಪರೂಪ. ಒಂದು ಕಾರಣ, ವಪೆಗೆ ವಿಶ್ರಾಂತಿಯೇ ಇಲ್ಲ. ನಿಮಿಷಕ್ಕೆ 12ರಿಂದ 20 ಸಲ ಅಲುಗಾಡುತ್ತಲೇ ಇರುತ್ತೆ. ಇನ್ನೊಂದು ಕಾರಣ ಒತ್ತಡ. ಗದ್ವಾಲ್ ಹತ್ತಿರದ ಜುರಾಲಾ ಅಣೆಕಟ್ಟೆಯ ಗೇಟು ತೆರೆದರೆ ನೀರು ಒತ್ತಡ ಕಡಿಮೆ ಇರುವ ಕಡೆಗೆ ನುಗ್ಗುತ್ತೆ, ಅಲ್ವಾ? ಎದೆಗಿಂತ ಹೊಟ್ಟೆಯೊಳಗೆ ಒತ್ತಡ ಹೆಚ್ಚು. ಹೀಗಾಗಿ ಜಠರ, ಕರುಳು ನಿಧಾನವಾಗಿ ತೂತಿನಿಂದ ಎದೆಯೊಳಗೆ ಸರಿಯುತ್ತವೆ.

ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಕಳೆದ ಮೇಲೆ ಊಟವಾದ ಕೂಡಲೇ ಎದೆನೋವು, ಏದುಸಿರು, ವಾಂತಿ ಶುರುವಾಗಬಹುದು. ತೂತಿನಲ್ಲಿ ಸಿಕ್ಕಿಕೊಂಡ ಕರುಳಿಗೆ ರಕ್ತ ಹರಿಯದಿದ್ದರೆ ಅದು ಕೊಳೆಯುತ್ತೆ, ಪ್ರಾಣಕ್ಕೇ ಅಪಾಯ. ಫ್ರಾನ್ಸಿನ ಶಸ್ತ್ರವೈದ್ಯ ಆಂಬ್ರೋಸ್ ಪಾರೆ 1579ರಲ್ಲೇ ಇಂಥ ಒಂದು ಪ್ರಕರಣ ಬರೆದಿದ್ದಾರೆ. ಗುಂಡೇಟಿನಿಂದ ಬದುಕುಳಿದ ಸೇನಾಧಿಕಾರಿ 8 ತಿಂಗಳ ನಂತರ ತೀರಿಕೊಂಡರು. ವಪೆಯಲ್ಲಿದ್ದ ತೂತು ಕಿರುಬೆರಳ ತುದಿಯಷ್ಟೇ!

ಇಂದು ಎಕ್ಸ್‌-ರೇ, ಸಿ.ಟಿ. ಸ್ಕ್ಯಾನ್‌ಗಳಿಂದ ಇದನ್ನು ಪತ್ತೆ ಮಾಡಬಹುದು. ಮಾತ್ರೆಯಿಂದ ತೂತು ಮುಚ್ಚಲ್ಲ, ಶಸ್ತ್ರಚಿಕಿತ್ಸೆಯೇ ಬೇಕು. ಮೇಲೆ ಸರಿದ ಅಂಗಗಳನ್ನು ಕೆಳಗಿಳಿಸಿ, ಕೊಳೆತ ಭಾಗವಿದ್ದರೆ ತೆಗೆದು, ಕರಗದ ದಾರದಿಂದ ಗಟ್ಟಿಯಾಗಿ ಹೊಲಿಯುತ್ತಾರೆ. ತೂತು ದೊಡ್ಡದಿದ್ದರೆ? ನಾರಾಯಣಪೇಟೆಯ ಸೀರೆ ಹರಿದಾಗ ಅಂಚುಗಳನ್ನು ಬಿಗಿಯಾಗಿ ಎಳೆದು ಹೊಲಿದರೆ ಪಕ್ಕದಲ್ಲೇ ಮತ್ತೆ ಹರಿಯುತ್ತೆ, ತೇಪೆ ಹಾಕಬೇಕು. ಇಲ್ಲೂ ಹಾಗೆಯೇ, ಮೆಶ್ ಎಂಬ ಜಾಲರಿಯ ತೇಪೆ ಹಾಕುತ್ತಾರೆ.

ಮನೆಯಲ್ಲಿ ಯಾರಿಗಾದರೂ ಹಿಂದೆ ಎದೆಗೋ ಹೊಟ್ಟೆಗೋ ಜೋರು ಪೆಟ್ಟು ಬಿದ್ದಿದ್ದು, ಈಗ ಇಂಥ ತೊಂದರೆ ಕಾಣಿಸಿದರೆ ಬೇಗ ಆಸ್ಪತ್ರೆಗೆ ಕರೆದೊಯ್ಯಿರಿ. “ಐದು ವರ್ಷದ ಹಿಂದಿನ ಮಾತು, ಈಗ್ಯಾಕೆ?” ಅನ್ನಬೇಡಿ. ಆ ಹಳೆಯ ಪೆಟ್ಟಿನ ವಿಷಯವನ್ನು ಡಾಕ್ಟರಿಗೆ ಹೇಳಲೇಬೇಕು. ಹೇಳದಿದ್ದರೆ ಅವರು ಗ್ಯಾಸ್ ಅಥವಾ ದಮ್ಮು ಅಂದುಕೊಳ್ಳುವ ಸಾಧ್ಯತೆ ಇದೆ.

ಯೋಚಿಸಿ: ಎದೆಯ ಎಡಭಾಗಕ್ಕೆ ಸ್ಟೆತಸ್ಕೋಪ್ ಇಟ್ಟಾಗ ಉಸಿರಿನ ಸದ್ದಿನ ಬದಲು ಗುಳುಗುಳು ಸದ್ದು ಕೇಳಿಸಿದರೆ, ಡಾಕ್ಟರಿಗೆ ಯಾವ ಅನುಮಾನ ಬರಬೇಕು?