ಅಟ್ಟದ ಕೆಳಗಣ ಫಿಯಟ್ಟು

ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ಮನೆಯ ಐಶ್ವರ್ಯವೆಲ್ಲ ಅಟ್ಟದ ಮೇಲಿರುತ್ತದೆ. ಮನೆಗೆ ಬೇಡವಾದುದೆಲ್ಲ ಅಟ್ಟದ ಕೆಳಗಿರುತ್ತದೆ. ಮೇಲೆ ಸುಲಿಯದ ತೆಂಗಿನಕಾಯಿಗಳು ಹತ್ತು ಹನ್ನೊಂದು ತಿಂಗಳು ನೆರಳಿನಲ್ಲಿ ಬಿದ್ದುಕೊಂಡು, ಒಳಗಣ ನೀರನ್ನು ತಾವೇ ಕುಡಿದು, ಚಿಪ್ಪಿನ ಸಂಗವನ್ನು ಬಿಟ್ಟು ಗಿಟುಕಾಗುವ ತಪಸ್ಸಿನಲ್ಲಿರುವಾಗ, ಕೆಳಗೆ ಮುರಿದ ನೇಗಿಲು, ಸುಟ್ಟ ಪಂಪಿನ ಮೋಟಾರು, ಕಾಲಿಲ್ಲದ ಮಂಚ, ಇವುಗಳ ನಡುವೆ ನಮ್ಮ ಅಣ್ಣನ 1982ನೆಯ ಇಸವಿಯ ಪ್ರೀಮಿಯರ್ ಪದ್ಮಿನಿ ಕಾರು ಹದಿಮೂರು ವರ್ಷ ನಿಂತಿತ್ತು. ಪದ್ಮಿನಿಯೆಂಬ ಹೆಸರು ಕಾಗದಪತ್ರಗಳಿಗೆ ಮಾತ್ರ ಮೀಸಲು. ಊರವರ ಬಾಯಲ್ಲಿ ಅದು ಎಂದೆಂದಿಗೂ ಫಿಯಟ್ಟೇ. 2009ರಲ್ಲಿ ಅಣ್ಣ ತೀರಿಕೊಂಡ ಮೇಲೆ ಅದನ್ನು ಮಾರುವ ಮನಸ್ಸು ಅತ್ತಿಗೆಗಾಗಲಿಲ್ಲ, ನಡೆಸುವ ಶಕ್ತಿ ನನಗಿರಲಿಲ್ಲ. ಮೇಷ್ಟರ ಕೆಲಸದಿಂದ ನಿವೃತ್ತನಾಗಿ, ಪಿಂಚಣಿಯೂ ಒಂದಿಷ್ಟು ತೆಂಗಿನ ಮರಗಳೂ ನನ್ನ ಪಾಲಿಗೆ ಉಳಿದ 2022ರ ಬೇಸಗೆಯಲ್ಲಿ, ಆ ಕಾರನ್ನು ಎಬ್ಬಿಸಿ ನಿಲ್ಲಿಸಬೇಕೆಂಬ ಹುಚ್ಚು ನನಗೆ ಹತ್ತಿತು. ಹುಚ್ಚು ಇಳಿಯುವುದರೊಳಗೆ ಮೂರು ವರ್ಷ ಕಳೆದವು. ಅಷ್ಟರಲ್ಲಿ ಕಲಿತುದನ್ನು, ನನ್ನಂತೆಯೇ ಕೈ ಬಿಗಿಯಾಗಿದ್ದೂ ಆಸೆ ಸಡಿಲವಾಗಿರುವ ಯಾರಿಗಾದರೂ ಉಪಯೋಗವಾದೀತೆಂದು ಇಲ್ಲಿ ಬರೆದಿಡುತ್ತೇನೆ.

ವಾಲ್‌ಚಂದ್ ಹಿರಾಚಂದರು 1944ರಲ್ಲಿ ಸ್ಥಾಪಿಸಿದ ಪ್ರೀಮಿಯರ್ ಆಟೊಮೊಬೈಲ್ಸ್ ಸಂಸ್ಥೆಯು ಮುಂಬಯಿಯ ಕುರ್ಲಾದಲ್ಲಿ ಇಟಲಿಯ ಫಿಯಟ್ 1100 ಕಾರನ್ನು ತಯಾರಿಸುತ್ತಿದ್ದು, 1974ರಿಂದ ಅದನ್ನೇ ಪದ್ಮಿನಿಯೆಂದು ಕರೆಯಿತು. 1089 ಸಿ.ಸಿ.ಯ ನಾಲ್ಕು ಸಿಲಿಂಡರಿನ ಎಂಜಿನ್ನು, ಸ್ಟಿಯರಿಂಗಿನ ಪಕ್ಕಕ್ಕೇ ಜೋಡಿಸಿದ ಗೇರಿನ ಹಿಡಿ, ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕು: ಇದರಲ್ಲಿ ಒಂದು ಸ್ಪ್ಯಾನರು ಒಂದು ಸ್ಕ್ರೂಡ್ರೈವರುಗಳಿಗೆ ಅರ್ಥವಾಗದ ರಹಸ್ಯ ಯಾವುದೂ ಇಲ್ಲ. 1983ರ ಕೊನೆಯಲ್ಲಿ ಮಾರುತಿ ಬರುವವರೆಗೆ ಹಣ ಕಟ್ಟಿ ವರ್ಷಗಟ್ಟಲೆ ಕಾದು ಇದನ್ನು ಪಡೆಯುತ್ತಿದ್ದ ಕಾಲವದು. ಅಣ್ಣನೂ ಹಾಗೆಯೇ ಕಾದು ಪಡೆದವನು. ಕಾದು ಪಡೆದುದನ್ನು ನಾನು ಕಾಯದೆ ಸರಿಪಡಿಸಹೊರಟೆನಾದುದರಿಂದ ಮೊದಲ ವರ್ಷದ ಶ್ರಮವೆಲ್ಲ ನೀರಿನಲ್ಲಿ ಹೋಮ ಮಾಡಿದಂತಾಯಿತು.

ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮಾಡಿದೆನು: ಎಂಜಿನ್ನಿನಿಂದ ಆರಂಭಿಸಿದೆನು. ಕಣ್ಣಿಗಿಂತ ಮೊದಲು ಕಿವಿಗೆ ಆಸೆ. ಪಿಸ್ಟನ್ನುಗಳು ಸಿಲಿಂಡರಿಗೆ ಕಚ್ಚಿಕೊಂಡಿದ್ದವು. ಬೋರ್‌ವೆಲ್ ಪಂಪು ದುರಸ್ತಿ ಮಾಡುವ ನಮ್ಮೂರ ಹುಡುಗನೊಬ್ಬನ ಮಾತಿನಂತೆ ಪ್ಲಗ್ಗುಗಳನ್ನು ಬಿಚ್ಚಿ, ಆ ರಂಧ್ರಗಳಿಂದ ಸೀಮೆಎಣ್ಣೆಯನ್ನೂ ಡೀಸೆಲನ್ನೂ ಬೆರೆಸಿ ಸುರಿದು ಹನ್ನೆರಡು ದಿನ ಬಿಟ್ಟೆವು. ಹದಿಮೂರನೆಯ ದಿನ ಹ್ಯಾಂಡಲ್ಲು ಒಂದು ಬೆರಳಿನಷ್ಟು ತಿರುಗಿತು; ಸಂಜೆಗೆ ಪೂರ್ಣ ಸುತ್ತು. ಏರ್ ಕ್ಲೀನರಿನಲ್ಲಿ ಇಲಿಗಳು ತೆಂಗಿನ ನಾರಿನಿಂದ ಕಟ್ಟಿದ್ದ ಅಂದವಾದ ಗೂಡನ್ನು ತೆಗೆದು, ಕಾರ್ಬುರೇಟರನ್ನು ತೊಳೆದು, ಪಾಯಿಂಟುಗಳನ್ನು ಉಜ್ಜಿ, ಬಾಟಲಿಯಿಂದ ಪೆಟ್ರೋಲು ಕೊಟ್ಟೊಡನೆ ಎಂಜಿನ್ನು ಕೆಮ್ಮಿ, ಹೊಗೆಯುಗುಳಿ, ಮಾತನಾಡಿತು. ಒಳಬಾಗಿಲಿನಿಂದ ಅತ್ತಿಗೆ ಓಡಿ ಬಂದು ಜಗಲಿಯ ಕಂಬವನ್ನು ಹಿಡಿದು ನಿಂತರು. ಆ ಒಂದು ಕ್ಷಣವೇ ನನ್ನನ್ನು ಕೆಡಿಸಿತು. ಇನ್ನೇನು, ಮೈಗೊಂದಿಷ್ಟು ಬಣ್ಣ ಬಳಿದರೆ ಮುಗಿಯಿತೆಂದು ಕಾರನ್ನು ಎಳೆಸಿಕೊಂಡು ಪಟ್ಟಣದ ವರ್ಕ್‌ಷಾಪೊಂದಕ್ಕೆ ಒಪ್ಪಿಸಿದೆನು. ಮೂರು ವಾರದಲ್ಲಿ ಅದು ಕೆನೆಬಣ್ಣದ ಮದುಮಗಳಾಗಿ ಮರಳಿ ಬಂದಿತು. ಆ ಶೃಂಗಾರಕ್ಕೆ ಒಂದು ಬೆಳೆಯ ಕೊಬ್ಬರಿಯ ಹಣವೆಲ್ಲ ಹೋಯಿತು.

ಸತ್ಯವು ಹೊರಬಿದ್ದುದು ಜಾಕಿನ ಮೂಲಕ. ಹಿಂದಿನ ಚಕ್ರವೊಂದನ್ನು ಬಿಚ್ಚಬೇಕಾಗಿದ್ದ ಒಂದು ಬೆಳಗ್ಗೆ, ಅಂಗಳದಲ್ಲಿ ಎಡಬಾಗಿಲಿನ ಕೆಳಗಿನ ತಗಡಿನ ದೂಲಕ್ಕೆ ಜಾಕನ್ನು ಆನಿಸಿ ತಿರುಗಿಸತೊಡಗಿದೆನು. ಜಾಕು ಏರಿತು, ಕಾರು ಏರಲಿಲ್ಲ. ಇನ್ನಷ್ಟು ತಿರುಗಿಸಿದೆನು, ಜಾಕು ಇನ್ನಷ್ಟು ಏರಿತು. ಒಣಗಿದ ಸೋಗೆಯನ್ನು ತುಳಿದಂತಹ ಸದ್ದಾಗಿ, ಹೊಸ ಬಣ್ಣವು ಹಪ್ಪಳದಂತೆ ಬಿರಿದು, ಅದರ ಹಿಂದಿನಿಂದ ಬೆರಳುದಪ್ಪದ ಪುಟ್ಟಿಯ ಹೆಂಟೆಗಳೂ ಅವುಗಳ ಹಿಂದಿನಿಂದ ಬೊಗಸೆಬೊಗಸೆಯಾಗಿ ಕೆಂಪು ಪುಡಿಯೂ ಸುರಿಯಿತು. ನಮ್ಮ ಅಂಗಳದ್ದು ಚಿಕ್ಕನಾಯಕನಹಳ್ಳಿಯ ಕಡೆಯ ಕೆಮ್ಮಣ್ಣು. ಸುರಿದ ಪುಡಿ ಯಾವುದು, ಮೊದಲೇ ಇದ್ದ ಮಣ್ಣು ಯಾವುದು ಎಂದು ವಿಂಗಡಿಸುವುದು ನನ್ನಿಂದಾಗಲಿಲ್ಲ. ಆಗುವುದಾದರೂ ಹೇಗೆ? 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಗಣಿಗಾರಿಕೆಯನ್ನು ತಡೆಯುವವರೆಗೆ ಲಾರಿಲಾರಿ ಅದಿರನ್ನು ಹೊರಕ್ಕೆ ಕಳುಹಿಸುತ್ತಿದ್ದ ನಮ್ಮ ಬೆಟ್ಟಗಳ ಕೆಂಪೂ, ಆ ಪುಡಿಯ ಕೆಂಪೂ ಕಬ್ಬಿಣವು ಪ್ರಾಣವಾಯುವಿನೊಡನೆ ಬೆರೆತ ಒಂದೇ ಸಂಸಾರದ ವರ್ಣ. ಕುಲುಮೆಯಲ್ಲಿ ಬಲಾತ್ಕಾರದಿಂದ ಬೇರ್ಪಡಿಸಿದ ಲೋಹವು, ನೀರಿನ ನೆರವು ದೊರೆತೊಡನೆ ತನ್ನ ಹುಟ್ಟಿದ ಮನೆಗೆ ಹಿಂದಿರುಗುವುದನ್ನೇ ನಾವು ತುಕ್ಕೆನ್ನುತ್ತೇವೆ. ಅಣ್ಣನ ಕಾರು ಹದಿಮೂರು ವರ್ಷ ನಿಂತಲ್ಲಿಯೇ ನಿಂತು ನಡೆದ ದಾರಿ ಅದು.

ಆ ಅವಮಾನದ ಬಳಿಕ ತಿಪಟೂರಿನ ಕಡೆಯ ವೃದ್ಧ ಟಿಂಕರೊಬ್ಬರನ್ನು ಹುಡುಕಿಕೊಂಡು ಹೋದೆನು. ಊರಿನವರು ಅವರನ್ನು ಮೇಸ್ತ್ರಿಯೆಂದೂ ನನ್ನನ್ನು ಮೇಷ್ಟ್ರೆಂದೂ ಕರೆಯುತ್ತಾರೆ. ಒಂದೇ ಅಕ್ಷರದ ಆಚೀಚೆಗೆ ನಿಂತ ನಮ್ಮಿಬ್ಬರಲ್ಲಿ ಪಾಠ ಹೇಳುವವರಾರು, ಕೇಳುವವರಾರು ಎಂಬುದು ಮೊದಲ ದಿನವೇ ನಿಶ್ಚಯವಾಯಿತು. ಅವರು ಬಂದು ಬಾನೆಟ್ಟನ್ನು ತೆರೆಯಲಿಲ್ಲ. ನೆಲದ ಮೇಲೆ ಗೋಣಿಚೀಲ ಹಾಸಿಕೊಂಡು ಕಾರಿನ ಅಡಿಗೆ ಜರುಗಿ, ಸ್ಕ್ರೂಡ್ರೈವರಿನ ಹಿಡಿಯಿಂದ ಅಂಗುಲ ಅಂಗುಲವನ್ನೂ ತಟ್ಟುತ್ತ ಹೋದರು.

“ಕೊಬ್ಬರಿ ನೋಡೋರು ನೀವು, ಮೇಷ್ಟ್ರೆ. ಕಾಯಿ ಅಲ್ಲಾಡ್ಸಿ ಕಿವಿಗಿಟ್ಕಂಡು ಒಳಗೇನೈತೆ ಅಂತ ಹೇಳಲ್ವಾ? ಇದೂ ಹಂಗೇಯ. ತಟ್ಟಿ, ಕೇಳಿ.”

ನಾನೂ ಅಡಿಗೆ ಜರುಗಿ ತಟ್ಟಿದೆನು. ಗಟ್ಟಿಯಾದಲ್ಲಿ ಠಣ್ಣೆಂದಿತು, ತುಕ್ಕು ತಿಂದಲ್ಲಿ ನೆನೆದ ತಮಟೆಯಂತೆ ದಬ್ಬೆಂದಿತು. ಬಾಲ್ಯದಿಂದ ಗಿಟುಕಿನ ಸದ್ದನ್ನು ಕೇಳಿ ಬೆಳೆದ ಕಿವಿಗೆ ಆ ವಿದ್ಯೆ ಅರ್ಧ ಗಳಿಗೆಯಲ್ಲಿ ಕೈವಶವಾಯಿತು. ಸೀಮೆಸುಣ್ಣದಿಂದ ಗುರುತು ಹಾಕುತ್ತ ಹೋದಂತೆ ವಿಚಿತ್ರವೊಂದು ಗೋಚರಿಸಿತು: ಬಲಭಾಗವು ಬಹುಮಟ್ಟಿಗೆ ಕ್ಷೇಮ, ಎಡಭಾಗದ ನೆಲವೂ ಬಾಗಿಲ ಕೆಳಗಣ ದೂಲವೂ ಸರ್ವನಾಶ. ಕಾರಣವು ನಮ್ಮ ಕಣ್ಣೆದುರಿಗೇ ಇತ್ತು. ಅಟ್ಟದಿಂದ ಇಳಿಸಿ ಸುಲಿದ ಕಾಯಿಗಳ ಮಟ್ಟೆಯನ್ನು ಪ್ರತಿವರ್ಷವೂ ಕಾರಿನ ಎಡಗಡೆಗೇ ಒಟ್ಟುತ್ತಿದ್ದೆವು. ಮಟ್ಟೆಯ ಪುಡಿಯು ತನ್ನ ತೂಕದ ಎಷ್ಟೋ ಪಟ್ಟು ನೀರನ್ನು ಹಿಡಿದಿಡಬಲ್ಲುದೆಂದು ಗಿಡಗಳ ಬುಡಕ್ಕೆ ಅದನ್ನು ಹಾಕುವ ನಮಗೆ ಗೊತ್ತಿಲ್ಲದ್ದಲ್ಲ; ಅದರಲ್ಲಿ ಲವಣಾಂಶವೂ ಉಂಟು. ಮಾಳಿಗೆಯ ಸೋರಿಕೆಯ ನೀರನ್ನು ಕುಡಿದ ಆ ರಾಶಿಯು ಹದಿಮೂರು ಮಳೆಗಾಲ ಕಬ್ಬಿಣಕ್ಕೆ ಉಪ್ಪುನೀರಿನ ಪಟ್ಟು ಹಾಕಿದಂತೆ ಆತುಕೊಂಡಿತ್ತು. ತೋಟವನ್ನು ಸಾಕಿದ ಗುಣವೇ ಕಾರನ್ನು ತಿಂದಿತು. ಹಳೆಯ ವಾಹನವನ್ನು ಪರೀಕ್ಷಿಸುವವರು ಅದನ್ನು ನೋಡುವುದಕ್ಕೆ ಮೊದಲು ಅದು ನಿಂತಿದ್ದ ಜಾಗವನ್ನು ನೋಡಬೇಕೆಂಬುದು ನನ್ನ ಮೊದಲನೆಯ ಪಾಠ.

ಎರಡನೆಯದು, ಯಾವುದಕ್ಕೆ ಮೊದಲು ಹಣ ಸುರಿಯಬೇಕೆಂಬುದು. ಜೀಪಿಗೆ ಬೇರೆ ಚಾಸಿಯುಂಟು. ಮೈ ಹೋದರೂ ಬೆನ್ನೆಲುಬು ಉಳಿಯುತ್ತದೆ. ಫಿಯಟ್ಟಿಗಾದರೋ ಮೈಯೇ ಬೆನ್ನೆಲುಬು. ನೆಲ, ದೂಲ, ಕಂಬಗಳ ತಗಡುಗಳು ಒಂದಕ್ಕೊಂದು ಬೆಸೆದು ನಿಂತುದರಿಂದಲೇ ಅದು ಕಾರು. ಆದುದರಿಂದ ಮೇಸ್ತ್ರಿಗಳು ನಾಲ್ಕೂ ಬಾಗಿಲುಗಳನ್ನು ಹಾಕಿಯೇ ಇರಿಸಿ, ಕಾರನ್ನು ಸಮಮಟ್ಟದ ಕಲ್ಲುಗಳ ಮೇಲೆ ನಿಲ್ಲಿಸಿ, ಒಳಗೆ ಅಡ್ಡಕ್ಕೆ ಕಬ್ಬಿಣದ ಪಟ್ಟಿಯನ್ನು ತಾತ್ಕಾಲಿಕವಾಗಿ ಬೆಸೆದ ತರುವಾಯವೇ ಕೊಳೆತ ದೂಲಕ್ಕೆ ಕೈಯಿಟ್ಟರು. ಹಾಗಲ್ಲದೆ ಕತ್ತರಿಸಿದ್ದರೆ ಮೈ ನಡುವೆ ಬಾಗಿ, ಆಮೇಲೆ ಬಾಗಿಲುಗಳು ಜನ್ಮದಲ್ಲಿ ಕೂಡುತ್ತಿರಲಿಲ್ಲ. ಕತ್ತರಿಸುವುದರಲ್ಲಿಯೂ ಅವರಿಗೊಂದು ನಿಷ್ಠುರವಾದ ಧರ್ಮವಿತ್ತು: ಠಣ್ಣೆನ್ನುವವರೆಗೆ ಕತ್ತರಿಸಬೇಕು. ಅರೆಜೀವದ ತಗಡಿಗೆ ಹೊಸ ತಗಡನ್ನು ಬೆಸೆದರೆ ಬೆಸುಗೆ ಹಿಡಿಯುವುದು ಕಾಗದವನ್ನು. ದೂಲಕ್ಕೆ 18 ಗೇಜು, ನೆಲಕ್ಕೆ 20 ಗೇಜಿನ ತಗಡು. ಒಂದೇ ಸಮನೆ ಬೆಸೆದರೆ ಕಾವಿಗೆ ತಗಡು ಸೊಟ್ಟಗಾಗುವುದರಿಂದ, ಇಲ್ಲೊಂದು ಅಂಗುಲ, ಅಲ್ಲೊಂದು ಅಂಗುಲ, ನಡುವೆ ಒಂದು ಬೀಡಿ.

ಕೂಲಿ ಬೇಡದ ಕೆಲಸಗಳೆಲ್ಲ ನನ್ನ ಪಾಲಿಗೆ ಬಂದವು. ತಂತಿಬ್ರಷ್ಷಿನಿಂದ ಉಜ್ಜಿ, ಉಪ್ಪುಕಾಗದದಿಂದ ತಿಕ್ಕಿ, ಉಳಿದ ತುಕ್ಕಿನ ಕಲೆಗೆ ಫಾಸ್ಫಾರಿಕ್ ಆಮ್ಲ ಸವರಿ, ಒಣಗಿದ ಮೇಲೆ ರೆಡ್ ಆಕ್ಸೈಡ್ ಬಳಿಯುವುದು. ಹಳೆಯ ಬೋಲ್ಟು ನಟ್ಟುಗಳನ್ನು ಗಟ್ಟಿ ಹುಣಿಸೆಹುಳಿಯಲ್ಲಿ ರಾತ್ರಿಯಿಡೀ ನೆನೆಹಾಕಿ ಬೆಳಗ್ಗೆ ತೊಳೆದು ಎಣ್ಣೆಯಲ್ಲಿ ಇಡುವುದು. ಮನೆಯ ಎಣ್ಣೆಯಿರುವಾಗ ಪರರ ಎಣ್ಣೆಯೇಕೆಂದು ದೂಲದ ಒಳಗೆ ಕೊಬ್ಬರಿಎಣ್ಣೆಯನ್ನು ಸುರಿಯುವ ಜಾಣತನವನ್ನೂ ಮಾಡಿದೆನು. ಮಾರ್ಗಶಿರದ ಚಳಿಗೆ ಅದು ಹೆಪ್ಪುಗಟ್ಟಿ ನೀರು ಹರಿಯುವ ರಂಧ್ರಗಳಿಗೇ ಬಿರಡೆಯಾಯಿತು. ಅದನ್ನು ಕಂಡು ಮೇಸ್ತ್ರಿಗಳು ನಗಲಿಲ್ಲ. ಹಳೆಯ ಎಂಜಿನ್ ಆಯಿಲಿಗೆ ಗ್ರೀಸು ಬೆರೆಸಿ ಕಾಸಿ ಒಳಗೆಲ್ಲ ಹಿಡಿಸಿದ ಬಳಿಕ, ರಂಧ್ರಗಳನ್ನು ಒಂದೊಂದಾಗಿ ಬಿಡಿಸುತ್ತ ಹೇಳಿದರು:

“ನೀರು ಒಳಿಕ್ಕೆ ಬರ್ದಂಗೆ ಮಾಡಾದು ಯಾರ್ ಕೈಲೂ ಆಗಲ್ಲ, ಮೇಷ್ಟ್ರೆ. ಬಂದಿದ್ದು ಹೋಗಾಕೆ ದಾರಿ ಬಿಡಬೇಕು, ಅಷ್ಟೇಯ.”

ವರ್ಕ್‌ಷಾಪಿನವರು ಬಣ್ಣ ಬಳಿಯುವಾಗ ಆ ರಂಧ್ರಗಳನ್ನೆಲ್ಲ ಪುಟ್ಟಿಯಿಂದ ಮುಚ್ಚಿದ್ದರು, ನಯವಾಗಿ ಕಾಣಲೆಂದು. ಬಿಸಿಲು ಮಳೆಗಳಿಗೆ ಶತಮಾನಗಳಿಂದ ಮೈಯೊಡ್ಡಿಯೂ ನುಣುಪು ಕಳೆದುಕೊಳ್ಳದ ತುರುವೇಕೆರೆಯ ಗಂಗಾಧರೇಶ್ವರನ ನಂದಿಯಂತೆ ಕಾರೂ ಹೊಳೆಯಲೆಂದು ಬಯಸಿದವನು ನಾನೇ ಆದುದರಿಂದ ಅವರನ್ನೊಬ್ಬರನ್ನೇ ದೂರಲಾರೆನು. ನಂದಿಯು ಒಳಗೂ ಕಲ್ಲು, ಹೊರಗೂ ಕಲ್ಲು. ಕಾರಿನ ಒಳಗೆ ಟೊಳ್ಳಿದೆ ಎಂಬುದನ್ನು ಮರೆತಿದ್ದೆನು.

ಲೆಕ್ಕವನ್ನು ಕೊಬ್ಬರಿಯಲ್ಲಿಯೇ ಇಟ್ಟೆನು. ನೋಟುಪುಸ್ತಕದ ಎಡಪುಟದಲ್ಲಿ ಇಲ್ಲದಿದ್ದರೆ ಪ್ರಾಣಕ್ಕೆ ಅಪಾಯವಾದವು, ಬಲಪುಟದಲ್ಲಿ ಇದ್ದರೆ ಕಣ್ಣಿಗೆ ಹಿತವಾದವು. ಬ್ರೇಕಿನ ರಬ್ಬರುಗಳು, ಕೊಳವೆಗಳು, ಲೇತಿನಲ್ಲಿ ಡ್ರಮ್ಮು ಉಜ್ಜಿಸುವ ಕೂಲಿ, ಟೈರು, ಇವೆಲ್ಲ ಎಡಕ್ಕೆ. ಕ್ರೋಮಿನ ಬಂಪರು, ರೇಡಿಯೊ ಬಲಕ್ಕೆ. 2023ರಲ್ಲಿ ಕೇಂದ್ರ ಸರ್ಕಾರದ ಬೆಂಬಲಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದಾಗ ತಿಪಟೂರಿನ ಮಾರುಕಟ್ಟೆಯಲ್ಲಿ ಉಂಡೆಕೊಬ್ಬರಿಯು ಅದಕ್ಕಿಂತ ಸಾವಿರಗಟ್ಟಲೆ ಕೆಳಕ್ಕಿಳಿದು, ರೈತರು ಬೀದಿಗಿಳಿಯಬೇಕಾಯಿತು. ನನ್ನ ಕಾರು ತಿಂಗಳುಗಟ್ಟಲೆ ಕಲ್ಲುಗಳ ಮೇಲೆಯೇ ಕುಳಿತಿತು. ಆ ಅಕ್ಟೋಬರಿನ ಕೊನೆಗೆ ಮುಂಬಯಿಯಲ್ಲಿ ಪದ್ಮಿನಿ ಟ್ಯಾಕ್ಸಿಗಳ ಯುಗ ಮುಗಿಯಿತೆಂಬ ವಾರ್ತೆಯನ್ನು ನಾನು ಕಾರಿನ ಅಡಿಯಲ್ಲಿ ಮಲಗಿ ಕೇಳಿದೆನು. ಆದರೆ ಆ ಬಿಡುವಿನಿಂದ ಲಾಭವೂ ಆಯಿತು. ಅವಸರವಿಲ್ಲದವನಿಗೆ ಗುಜರಿಯವನು ಕರೆದು ಕೊಡುತ್ತಾನೆ; ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹೊಸದಾಗಿ ದೊರೆಯದ ಸ್ಟಿಯರಿಂಗಿನ ಭಾಗವೊಂದು ಆರು ತಿಂಗಳ ತರುವಾಯ ತೂಕದ ಬೆಲೆಗೆ ಸಿಕ್ಕಿತು. ಸೀಟಿಗೆ ನಮ್ಮ ಸೀಮೆಯ ನಾರನ್ನೇ ತುಂಬಿಸಿದೆನು. ಮಟ್ಟೆಯು ಅಷ್ಟು ಮಟ್ಟಿಗೆ ತನ್ನ ಸಾಲವನ್ನು ತೀರಿಸಿತು.

ಕಾಗದಪತ್ರಗಳ ವಿಷಯವನ್ನು ಕೊನೆಗೆ ಹೇಳುತ್ತಿದ್ದರೂ ಮಾಡಬೇಕಾದುದು ಮೊದಲಿಗೆ. ಮೃತರ ಹೆಸರಿನಲ್ಲಿದ್ದ ವಾಹನವು ವಾರಸುದಾರರ ಹೆಸರಿಗೆ ಬರುವುದಕ್ಕೆ ನಮೂನೆ 31, ಹದಿನೈದು ವರ್ಷ ಮೀರಿದ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸುವುದಕ್ಕೆ ನಮೂನೆ 25. ಆ ನವೀಕರಣದ ಶುಲ್ಕವು 2022ರ ಏಪ್ರಿಲ್ ಒಂದರಿಂದ 600 ರೂಪಾಯಿಯಿಂದ 5,000ಕ್ಕೆ ಏರಿತ್ತು. ನನಗೆ ಹುಚ್ಚು ಹತ್ತಿದುದು ಮೇ ತಿಂಗಳಲ್ಲಿ! ಐವತ್ತು ವರ್ಷ ದಾಟಿದವುಗಳಿಗೆ ವಿಂಟೇಜ್ ಎಂಬ ಪ್ರತ್ಯೇಕ ಗೌರವವಿದೆ. ನಮ್ಮದು ಆ ವೃದ್ಧಾಪ್ಯವನ್ನೂ ಮುಟ್ಟಿರಲಿಲ್ಲ. ಅದು ಹೇಗೂ ಇರಲಿ, ತಿಪಟೂರಿನ ಸಾರಿಗೆ ಕಚೇರಿಯ ಮುಂದೆ ತಪಾಸಣೆಯ ದಿನ ಬ್ರೇಕು ಒತ್ತಿದಾಗ ಕಾರು ಅಲ್ಲಾಡದೆ ನೆಟ್ಟಗೆ ನಿಂತಿತು. ಎಡಪುಟದ ಹಣವೆಲ್ಲ ಸಾರ್ಥಕವಾದುದು ಅಲ್ಲಿ.

2025ರಲ್ಲಿ ಕೊಬ್ಬರಿಯ ಬೆಲೆ ಕ್ವಿಂಟಲಿಗೆ 20,000 ರೂಪಾಯಿಯನ್ನು ದಾಟಿತು. ಇನ್ನಾದರೂ ಬಣ್ಣ ಹೊಡೆಸಿರೆಂದು ಕಂಡಕಂಡವರು ಹೇಳುತ್ತಾರೆ. ಮೇಲೆ ಮೊದಲಿನ ಕೆನೆಬಣ್ಣ, ಕೆಳಗೆ ದೂಲದುದ್ದಕ್ಕೂ ರೆಡ್ ಆಕ್ಸೈಡು. ಸುಣ್ಣದ ಗೋಡೆಗೆ ಕೆಮ್ಮಣ್ಣಿನ ಪಟ್ಟೆ ಎಳೆದ ಹಾಗಿದೆಯೆಂದು ಅತ್ತಿಗೆಯ ಅಭಿಪ್ರಾಯ. ಅದು ನಿಂದೆಯಲ್ಲವೆಂದು ಭಾವಿಸಿ ಹಾಗೆಯೇ ಬಿಟ್ಟಿದ್ದೇನೆ. ಮಟ್ಟೆಯ ರಾಶಿಯು ಈಗ ತೋಟದಲ್ಲಿ, ಮರಗಳ ಬುಡದಲ್ಲಿದೆ.

ಪ್ರತಿವರ್ಷ ಭರಣಿ ಮಳೆಗೆ ಮುಂಚೆ ಮಾಡುವ ಸೇವೆಯೊಂದಿದೆ. ತೆಂಗಿನ ಗರಿಯಿಂದ ಹಸಿ ಕಡ್ಡಿಯೊಂದನ್ನು ಸೀಳಿಕೊಂಡು, ಗೋಣಿಚೀಲ ಹಾಸಿ ಕಾರಿನ ಅಡಿಗೆ ಜರುಗಿ, ದೂಲದ ರಂಧ್ರಗಳನ್ನೂ ಬಾಗಿಲುಗಳ ಅಡಿಯ ರಂಧ್ರಗಳನ್ನೂ ಒಂದೊಂದಾಗಿ ಚುಚ್ಚಿ ಬಿಡಿಸುತ್ತೇನೆ. ಇಷ್ಟು ವರ್ಷ ಕೊಂಡ ಉಪಕರಣಗಳಲ್ಲಿ ಅಷ್ಟು ಉಪಯೋಗಕ್ಕೆ ಬಂದುದು ಮತ್ತೊಂದಿಲ್ಲ. ಈ ಸಲ ಮೊದಲ ಮಳೆ ನಿಂತ ಸಂಜೆ ಅತ್ತಿಗೆ ಜಗಲಿಯಿಂದ ಕೂಗಿದರು:

“ಏನಪ್ಪಾ, ಇಷ್ಟೆಲ್ಲ ದುಡ್ಡು ಸುರಿದೂ ನಿಮ್ಮಣ್ಣನ ಕಾರು ಕೆಳಗಡೆ ಸೋರ್ತಾ ಐತಲ್ಲ!”

ಹೋಗಿ ಬಗ್ಗಿ ನೋಡಿದೆನು. ಎಡಗಡೆಯ ಮೂರೂ ರಂಧ್ರಗಳಿಂದ ನೀರು ತೊಟ್ಟುತೊಟ್ಟಾಗಿ ಅಂಗಳಕ್ಕೆ ಬೀಳುತ್ತಿತ್ತು. ಬೊಗಸೆಯೊಡ್ಡಿ ನೋಡಿದರೆ ತಿಳಿಯಾಗಿತ್ತು, ಕೆಂಪಿರಲಿಲ್ಲ.

“ಸೋರಲಿ ಬಿಡಿ, ಅತ್ತಿಗೆ” ಎಂದೆನು.