ಅಪ್ಪನ ಸಾಲಿಗ್ರಾಮ ಅಸಲಿಯೋ, ನಕಲಿಯೋ?

ಪ್ರಶ್ನೆ: ಕಿಕ್ಕೇರಿಯ ನಮ್ಮ ಮನೆಯಲ್ಲಿ ಅಪ್ಪ ಮುಕ್ತಿನಾಥ ಯಾತ್ರೆಯಿಂದ ತಂದ ಸಾಲಿಗ್ರಾಮವಿದೆ. ಅವರು ತೀರಿಕೊಂಡ ಮೇಲೆ ಪೂಜೆ ನನ್ನ ಪಾಲಿಗೆ ಬಂತು. ಗೌರಿ ಹಬ್ಬಕ್ಕೆ ಬಂದಿದ್ದ ಅಣ್ಣನ ಮಗ ಅದನ್ನು ನೋಡಿ, ಚಕ್ರದ ಹತ್ತಿರ ಏನೋ ಅಂಟಿಸಿದ್ದಾರೆ, ಇದು ಡೂಪ್ಲಿಕೇಟ್ ಎಂದುಬಿಟ್ಟ. ಅಣ್ಣ ಆಗ ಏನೂ ಮಾತಾಡಲಿಲ್ಲ. ಆಮೇಲೆ ಅಕ್ಕನ ಹತ್ತಿರ ‘ಅಪ್ಪ ತಂದದ್ದು ಇದಲ್ಲ’ ಎಂದರಂತೆ. ಅಪ್ಪನೇ ಮೋಸ ಹೋದರೋ, ನಾನೇ ಬದಲಾಯಿಸಿದೆ ಎಂದು ಅಣ್ಣ ತಿಳಿದಿದ್ದಾರೋ ಎಂಬ ಯೋಚನೆಯಲ್ಲಿ ನಿದ್ದೆ ಬರುತ್ತಿಲ್ಲ. ಪೂಜೆಗೆ ಕೂತರೆ ಕೈ ಓಡುವುದಿಲ್ಲ. ಏನು ಮಾಡಲಿ?

ಉತ್ತರ: ಅಪ್ಪ ಮುಟ್ಟಿ ಪೂಜಿಸಿದ ವಸ್ತುವಿನ ಮೇಲೆ ಅನುಮಾನ ಬಂದಾಗ ಎದೆ ಕುಸಿಯುವುದು ಸಹಜ. ಅದರ ಜೊತೆಗೆ ಒಡಹುಟ್ಟಿದವರ ಅನುಮಾನವೂ ಸೇರಿದರೆ ನಿದ್ದೆ ಎಲ್ಲಿಂದ ಬಂದೀತು? ನಿಮ್ಮ ಸಂಕಟವನ್ನು ‘ಒಂದು ಕಲ್ಲಿನ ವಿಷಯ’ ಎಂದು ಯಾರಾದರೂ ತಳ್ಳಿಹಾಕಿದರೆ ಬೇಸರ ಮಾಡಿಕೊಳ್ಳಬೇಡಿ. ತಂದೆ ತಾಯಿ ಹೋದ ಮೇಲೆ ಉಳಿದ ಒಂದು ಸೀರೆ, ಒಂದು ತಂಬಿಗೆಯ ಮೇಲೂ ಮನೆಗಳಲ್ಲಿ ಇಂಥದ್ದೇ ನೋವು ಎದ್ದಿರುವುದನ್ನು ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಕಾಣುತ್ತಲೇ ಇರುತ್ತೇನೆ.

ಆದರೆ ನೀವು ಮೂರು ಪ್ರಶ್ನೆಗಳನ್ನು ಒಂದೇ ಗಂಟಿಗೆ ಕಟ್ಟಿದ್ದೀರಿ. ಕಲ್ಲು ಅಸಲಿಯೇ? ಅಪ್ಪ ಮೋಸ ಹೋದರೇ? ಅಣ್ಣನಿಗೆ ನನ್ನ ಮೇಲೆ ಅಪನಂಬಿಕೆಯೇ? ಮೊದಲನೆಯದಕ್ಕೆ ಸಿಗುವ ಉತ್ತರ ಉಳಿದೆರಡಕ್ಕೂ ಉತ್ತರವಾಗಬೇಕಿಲ್ಲ.

ಕಲ್ಲಿನಿಂದಲೇ ಶುರು ಮಾಡೋಣ. ಚಕ್ರವಿರುವ ಸಾಲಿಗ್ರಾಮ ಒಂದು ಪಳೆಯುಳಿಕೆ. ಹಿಮಾಲಯ ಏಳುವ ಮೊದಲು ಅಲ್ಲಿ ಟೆಥಿಸ್ ಸಮುದ್ರವಿತ್ತು. ಅದರಲ್ಲಿ ಅಮ್ಮೊನೈಟ್ ಎಂಬ ಸುರುಳಿ ಚಿಪ್ಪಿನ ಜೀವಿಗಳಿದ್ದವು. ಸುಮಾರು 15 ಕೋಟಿ ವರ್ಷಗಳ ಹಿಂದೆ ಅವು ಕೆಸರಿನಲ್ಲಿ ಹೂತು, ಸುತ್ತಲಿನ ಕೆಸರು ಗಟ್ಟಿಯಾಗಿ ಕಪ್ಪು ಉಂಡೆಗಳಾದವು. ನೇಪಾಳದ ಕಾಳಿ ಗಂಡಕಿ ನದಿ ಅವನ್ನು ಉರುಳಿಸಿ ನುಣುಪು ಮಾಡಿ ತರುತ್ತದೆ. ಎಷ್ಟೋ ಉಂಡೆಗಳ ಒಳಗಿನ ಚಕ್ರ ಕಾಣುವುದು ಒಡೆದಾಗಲೇ. ಒಂದು ಹೋಳಿನಲ್ಲಿ ಸುರುಳಿ ಉಬ್ಬಿರುತ್ತದೆ, ಇನ್ನೊಂದರಲ್ಲಿ ಅದರ ಅಚ್ಚು ತಗ್ಗಾಗಿರುತ್ತದೆ.

ನಿಮ್ಮ ಅಣ್ಣನ ಮಗ ಕಂಡದ್ದು ಇಲ್ಲಿಗೆ ಬಂದು ಸೇರುತ್ತದೆ. ಒಡೆದ ಉಂಡೆಯನ್ನು ಅಂಟಿಸುವುದು, ಅಂಚಿನ ಬಿರುಕಿಗೆ ಏನಾದರೂ ಮೆತ್ತುವುದು, ಎಣ್ಣೆ ಹಚ್ಚಿ ಹೊಳಪು ಕೊಡುವುದು ಮಾರುವವರ ರೂಢಿ. ಹಾಗೆ ಮಾಡಿದ್ದಕ್ಕೆ ಪಳೆಯುಳಿಕೆ ಸುಳ್ಳಾಗುವುದಿಲ್ಲ, ಅದು ದುರಸ್ತಿಯಾದ ಪಳೆಯುಳಿಕೆ, ಅಷ್ಟೇ. ನಿಮ್ಮೂರ ಬ್ರಹ್ಮೇಶ್ವರ ದೇವಸ್ಥಾನ 1171ರದು. ಅದರ ಒಂದು ಕಲ್ಲು ಸರಿದು, ಯಾರೋ ಗಾರೆ ಹಾಕಿ ನಿಲ್ಲಿಸಿದರೆ ಅದು ಹೊಯ್ಸಳರ ಗುಡಿಯಲ್ಲ ಎಂದುಬಿಡುತ್ತೇವೆಯೇ? ನಕಲಿಯ ಲಕ್ಷಣವೇ ಬೇರೆ. ಸಾದಾ ಕಪ್ಪು ಕಲ್ಲಿನಲ್ಲಿ ಸುರುಳಿ ಕೆತ್ತಿರುತ್ತಾರೆ, ಇಲ್ಲವೇ ಕಲ್ಲಿನ ಪುಡಿಯನ್ನು ರೆಸಿನ್‌ನಲ್ಲಿ ಕಲಸಿ ಅಚ್ಚು ಹೊಯ್ದಿರುತ್ತಾರೆ.

ನೀವೇ ಒಮ್ಮೆ ನೋಡಬಹುದು. ಹಗಲು ಬೆಳಕಿನಲ್ಲಿ ಭೂತಗನ್ನಡಿ ಹಿಡಿದು ಸುರುಳಿಯ ಮೇಲಿನ ಗೆರೆಗಳನ್ನು ಗಮನಿಸಿ. ಜೀವಿ ಬೆಳೆದಂತೆ ಚಿಪ್ಪೂ ಬೆಳೆದದ್ದರಿಂದ ಸುರುಳಿ ಒಳಗಿನಿಂದ ಹೊರಕ್ಕೆ ಅಗಲವಾಗುತ್ತ ಹೋಗುತ್ತದೆ. ಗೆರೆಗಳು ಅಲ್ಲಲ್ಲಿ ಸವೆದು ಮಾಸಿರುತ್ತವೆ. ಎಲ್ಲ ಗೆರೆಯೂ ಒಂದೇ ಆಳ, ಒಂದೇ ಅಂತರದಲ್ಲಿದ್ದು, ತಗ್ಗಿನಲ್ಲಿ ಉಳಿಯ ಗೀರು ಕಂಡರೆ ಅದು ಕೆತ್ತನೆ. ಸೂಜಿಮೊನೆಯಷ್ಟು ದುಂಡು ಗುಳ್ಳೆಗಳಿದ್ದು, ಗಾತ್ರಕ್ಕೆ ತಕ್ಕ ತೂಕವಿಲ್ಲದೆ, ಮುಟ್ಟಿದರೆ ಕಲ್ಲಿನ ತಂಪು ಇಲ್ಲದಿದ್ದರೆ ರೆಸಿನ್ ಇರಬಹುದು. ಅಂಗಡಿಯವರು ನೋಟು ನೋಡುವ ನೀಲಿ ದೀಪದ ಕೆಳಗೆ ಹಲವು ಅಂಟುಗಳು ಹೊಳೆಯುತ್ತವೆ. ಅದೂ ಒಂದು ಸುಳಿವು ಮಾತ್ರ, ತೀರ್ಪಲ್ಲ.

ಒಂದು ಮಾತು ಮರೆಯಬೇಡಿ. ವರ್ಷಗಟ್ಟಲೆ ಪಂಚಾಮೃತ ಅಭಿಷೇಕವಾದ ಕಲ್ಲಿನ ಸಂದಿಯಲ್ಲಿ ತುಪ್ಪ, ಜೇನು, ಗಂಧ ಕೂತು ಹಳದಿ ಮಿಶ್ರಿತ ಕಂದು ಹಕ್ಕಳೆಯಾಗಿರುತ್ತದೆ. ನೋಡಿದರೆ ಥೇಟ್ ಅಂಟಿನ ಹಾಗೆ. ಹುಡುಗ ಕಂಡದ್ದು ಅಪ್ಪನ ಪೂಜೆಯ ಕುರುಹೇ ಆಗಿದ್ದರೂ ಆಶ್ಚರ್ಯವಿಲ್ಲ. ಉಗುರುಬೆಚ್ಚಗಿನ ನೀರು, ಮೆತ್ತನೆ ಬ್ರಷ್ಷಿನಿಂದ ತೊಳೆದು ಆಮೇಲೆ ನೋಡಿ. ಕಾದ ಸೂಜಿ ಚುಚ್ಚುವುದು, ನಿಂಬೆರಸವನ್ನೋ ಆಸಿಡ್ಡನ್ನೋ ಹಾಕುವುದು, ಚಾಕುವಿನಿಂದ ಕೆರೆಯುವುದು ಖಂಡಿತ ಬೇಡ. ಚಿನ್ನ ಉಜ್ಜಿದರೆ ಗೆರೆ ಬೀಳುತ್ತದೆ, ಆದ್ದರಿಂದ ಅಸಲಿ ಎನ್ನುವವರೂ ಇದ್ದಾರೆ. ಒರೆಗಲ್ಲಿನಂಥ ಯಾವ ನಯವಾದ ಗಟ್ಟಿ ಕಪ್ಪು ಕಲ್ಲಿನ ಮೇಲೂ ಆ ಗೆರೆ ಬೀಳುತ್ತದೆ.

ನಿಜವಾದ ಉತ್ತರಕ್ಕೆ ಮೈಸೂರಿಗೆ ಹೋಗಿ. ಮಾನಸಗಂಗೋತ್ರಿಯಲ್ಲಿರುವ ಮೈಸೂರು ವಿಶ್ವವಿದ್ಯಾನಿಲಯದ ಭೂವಿಜ್ಞಾನ ವಿಭಾಗದ ಅಧ್ಯಾಪಕರನ್ನು ಮೊದಲೇ ಕೇಳಿಕೊಂಡು, ಕಲ್ಲನ್ನು ತೋರಿಸಿ. ಬೆಂಗಳೂರಿನಲ್ಲಾದರೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ಕಚೇರಿಯಿದೆ. ನಿಮ್ಮ ಮಂಡ್ಯ ಜಿಲ್ಲೆಯ ನೆಲ ಬಹುಪಾಲು ಗ್ರಾನೈಟು, ನೈಸ್ ಶಿಲೆ. ಚಿಪ್ಪಿನ ಜೀವಿಗಳು ಹುಟ್ಟುವುದಕ್ಕೂ ಎಷ್ಟೋ ಮೊದಲಿನವು. ನಿಮ್ಮ ಮನೆಯದು ಹಿಮಾಲಯದ ಕೆಸರುಶಿಲೆಯ ಉಂಡೆಯೆಂದು ಅವರು ಗುರುತಿಸಿದರೆ, ಅದನ್ನು ಈ ಸೀಮೆಯಲ್ಲಿ ಯಾರೋ ಕೆತ್ತಿಸಿಟ್ಟರು ಎಂಬ ಅನುಮಾನಕ್ಕೆ ಹೆಚ್ಚು ಜಾಗ ಉಳಿಯುವುದಿಲ್ಲ.

ನಕಲಿ ಎಂದೇ ಬಂದರೆ? ಆಗಲೂ ನೀವು ಬದಲಾಯಿಸಿದಿರಿ ಎಂದಾಗುವುದಿಲ್ಲ, ನಕಲಿ ಸಾಲಿಗ್ರಾಮ ಯಾತ್ರೆಯ ದಾರಿಯಲ್ಲೂ ಮಾರಾಟಕ್ಕಿರುತ್ತದೆ. ಅಪ್ಪ ದಡ್ಡರು ಎಂದೂ ಆಗುವುದಿಲ್ಲ. ಭೋಪಾಲದ ಹತ್ತಿರದ ಭೀಮ್‌ಬೆಟ್ಕಾ ಗುಹೆಯ ಮೇಲ್ಗಡೆ ಕಂಡ ಒಂದು ಗುರುತನ್ನು 2021ರಲ್ಲಿ ನುರಿತ ವಿಜ್ಞಾನಿಗಳೇ 55 ಕೋಟಿ ವರ್ಷ ಹಳೆಯ ಡಿಕಿನ್ಸೋನಿಯಾ ಎಂಬ ಜೀವಿಯ ಪಳೆಯುಳಿಕೆ ಎಂದು ಪ್ರಕಟಿಸಿದರು. ಬೇರೆ ತಂಡ ಹೋಗಿ ನೋಡಿದಾಗ ಅದು ಬಂಡೆಯಿಂದ ಕಿತ್ತುಬರುತ್ತಿತ್ತು. ಹೆಜ್ಜೇನು ಗೂಡು ಕಟ್ಟಿ ಬಿಟ್ಟುಹೋದ ಕಲೆ ಅದು! ಮೊದಲು ಪ್ರಕಟಿಸಿದವರೇ ಅದನ್ನು ಒಪ್ಪಿಕೊಂಡರು. ಅಂಥವರ ಕಣ್ಣೇ ತಪ್ಪುವಾಗ, ಭಕ್ತಿಯಿಂದ ಕೈಯೊಡ್ಡಿದ ಯಾತ್ರಿಕನ ಕಣ್ಣು ತಪ್ಪಿದ್ದಕ್ಕೆ ನೀವೇಕೆ ನಾಚಬೇಕು? ಅಪ್ಪ ಮಾಡಿದ ಪೂಜೆಯನ್ನು ಯಾವ ಪ್ರಯೋಗಾಲಯವೂ ಅಳೆಯುವುದಿಲ್ಲ. ಒಡೆದ ಸಾಲಿಗ್ರಾಮಕ್ಕೂ ಪೂಜೆ ಸಲ್ಲುತ್ತದೆ ಎಂದು ಆಚಾರವಂತರೇ ಹೇಳುತ್ತಾರೆ. ಈ ವಿಷಯದಲ್ಲಿ ನನಗಿಂತ ನಿಮ್ಮ ಮನೆಯ ಪುರೋಹಿತರ ಮಾತು ನಿಮಗೆ ನೆಮ್ಮದಿ ಕೊಡಬಹುದು, ಕೇಳಿ.

ಇನ್ನು ಅಣ್ಣ. ಅವರು ಹೇಳಿದರೆಂಬ ಮಾತು ಅಕ್ಕನ ಬಾಯಿಂದ ಬಂದದ್ದು. ಅದರ ಹಿಂದೆ ಅನುಮಾನವೇ ಇತ್ತೋ, ಅಪ್ಪನನ್ನು ಕಳೆದುಕೊಂಡ ಅವರ ಸಂಕಟವಿತ್ತೋ ನಿಮಗೂ ತಿಳಿಯದು. ಪೂಜೆ ನಿಮ್ಮ ಪಾಲಿಗೆ ಬಂದಾಗ ಅವರಿಗೆ ಏನನಿಸಿತ್ತೆಂದು ಯಾರಾದರೂ ಕೇಳಿದ್ದರೇ? ‘ನಾನು ಬದಲಾಯಿಸಿಲ್ಲ’ ಎಂದು ಮಾತು ಶುರು ಮಾಡಬೇಡಿ. ವಾದ ಮಾಡಿದಂತಾಗುತ್ತದೆ. ಫೋನ್ ಮಾಡಿ, ‘ಅಣ್ಣ, ಹುಡುಗ ಹೇಳಿದ್ದು ನನ್ನ ಮನಸ್ಸಿನಿಂದ ಹೋಗಿಲ್ಲ. ಮೈಸೂರಿನಲ್ಲಿ ತೋರಿಸೋಣ, ನೀನೂ ಬಾ, ಅವನನ್ನೂ ಕರೆದುಕೊಂಡು ಬಾ’ ಎನ್ನಿ. ಕಲ್ಲು ನೋಡುವವರ ಮುಂದೆ ಮೂವರೂ ಇರಲಿ. ಅಪ್ಪ ಪೂಜೆಗೆ ಕೂತ ಹಳೆಯ ಫೋಟೋಗಳನ್ನೂ ಹುಡುಕಿ. ಅಂಚಿನ ಒಂದು ಚಕ್ಕೆ, ಒಂದು ಬಿಳಿ ಗೆರೆ ಫೋಟೋದಲ್ಲೂ ಕಲ್ಲಿನಲ್ಲೂ ಒಂದೇ ಇದ್ದರೆ ಬದಲಾಯಿಸಿದ ಮಾತು ಅಲ್ಲಿಗೇ ಮುಗಿಯುತ್ತದೆ.

ಅಲ್ಲಿಯವರೆಗೆ ದಿನದ ಪೂಜೆ ನಿಲ್ಲಿಸಬೇಡಿ. ಕೈ ಓಡದ ದಿನ ದೀಪ ಹಚ್ಚಿದರೂ ಸಾಕು. ಎರಡು ವಾರ ಕಳೆದರೂ ನಿದ್ದೆ ಹತ್ತದಿದ್ದರೆ, ಊಟ ಸೇರದಿದ್ದರೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416 ಸಂಖ್ಯೆಗೆ ಕರೆ ಮಾಡಿ. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲೂ ಮನೋವೈದ್ಯರು ಸಿಗುತ್ತಾರೆ.