ಮನೆಯ ಇ-ಮೇಲ್ ಸರ್ವರು ಸಂಪರ್ಕವನ್ನು ನಿರಾಕರಿಸಿದಾಗ

ತಮ್ಮ ಪತ್ರಗಳನ್ನು ಪರರ ಯಂತ್ರಗಳಿಗೆ ಒಪ್ಪಿಸದೆ ಮನೆಯಲ್ಲಿಯೇ ಬರಮಾಡಿಕೊಳ್ಳಬೇಕೆಂಬ ಆಸೆ ಕಂಪ್ಯೂಟರುಗಳಲ್ಲಿ ಆಸಕ್ತಿಯುಳ್ಳ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಹುಟ್ಟುವುದು ಸಹಜ. ಅದಕ್ಕೆ ಬೇಕಾದ ಸಾಮಗ್ರಿಯೂ ಹೆಚ್ಚಲ್ಲ. ಮೂಲೆ ಸೇರಿದ ಒಂದು ಹಳೆಯ ಕಂಪ್ಯೂಟರು, ಅದರ ಮೇಲೆ ಲಿನಕ್ಸ್, ಅಂಚೆಯ ಕೆಲಸಕ್ಕೆ ಪೋಸ್ಟ್‌ಫಿಕ್ಸ್ ಎಂಬ ತಂತ್ರಾಂಶ, ಸ್ವಂತದ್ದಾದ ಒಂದು ಡೊಮೇನ್ ಹೆಸರು, ಇಷ್ಟಿದ್ದರೆ ಕೆಲಸವನ್ನು ಆರಂಭಿಸಬಹುದು. ಎಲ್ಲವನ್ನೂ ಹೊಂದಿಸಿ ಗೆಳೆಯನೊಬ್ಬನಿಗೆ ಪತ್ರ ಬರೆಯೆಂದು ಹೇಳಿ ಕಾಯುತ್ತೇವೆ. ಪತ್ರ ಬರುವುದಿಲ್ಲ. ಹೊರಗಿನಿಂದ ಪರೀಕ್ಷಿಸಿದರೆ ‘ಕನೆಕ್ಷನ್ ರೆಫ್ಯೂಸ್ಡ್’, ಎಂದರೆ ‘ಸಂಪರ್ಕವನ್ನು ನಿರಾಕರಿಸಲಾಗಿದೆ’, ಎಂಬ ಮಾತು ಪರದೆಯ ಮೇಲೆ ಮೂಡುತ್ತದೆ.

ಈ ಘಟ್ಟದಲ್ಲಿ ಕೈಗೆ ಸಿಕ್ಕ ಸಲಹೆಗಳನ್ನೆಲ್ಲ ಒಂದೊಂದಾಗಿ ಪ್ರಯೋಗಿಸುವವರೇ ಹೆಚ್ಚು. ಫೈರ್‌ವಾಲನ್ನು ಪೂರ್ತಿಯಾಗಿ ಕಳಚಿಬಿಡುವರು. ಯಾರ ಪತ್ರವನ್ನಾದರೂ ಯಾರಿಗಾದರೂ ಸಾಗಿಸಲು ಸರ್ವರಿಗೆ ಅನುಮತಿ ಕೊಟ್ಟುಬಿಡುವರು. ಇಂಥ ತೆರೆದ ಯಂತ್ರಗಳನ್ನು ಹುಡುಕುವುದನ್ನೇ ಕಸುಬಾಗಿ ಉಳ್ಳವರು ಜಗತ್ತಿನಲ್ಲಿ ಇದ್ದಾರೆ. ಅವರ ಕಣ್ಣಿಗೆ ಬಿದ್ದರೆ ಮನೆಯ ಸರ್ವರು ಕಸದ ಪತ್ರಗಳ ಕಾರ್ಖಾನೆಯಾಗುವುದು. ಅದರ ವಿಳಾಸವು ಕಪ್ಪುಪಟ್ಟಿಗಳನ್ನು ಸೇರಿ, ಮುಂದೆ ಮನೆಯವರು ಬರೆದ ನಿಜವಾದ ಪತ್ರವನ್ನೂ ಯಾರೂ ಸ್ವೀಕರಿಸದಂತಾಗುವುದು.

ಅವಸರಕ್ಕೆ ಕಾರಣವೂ ಇಲ್ಲ. ಸಂಪರ್ಕ ಸಿಗದ ಪತ್ರವನ್ನು ಕಳುಹಿಸುವ ಸರ್ವರು ಒಡನೆಯೇ ಹಿಂದಿರುಗಿಸದೆ ತನ್ನಲ್ಲಿ ಸಾಲಾಗಿ ಇರಿಸಿಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ೨೦೦೮ರಲ್ಲಿ ಪರಿಷ್ಕೃತವಾದ ಅಂಚೆಯ ನಿಯಮಾವಳಿಯು ಈ ಪ್ರಯತ್ನವನ್ನು ಸಾಮಾನ್ಯವಾಗಿ ನಾಲ್ಕೈದು ದಿನವಾದರೂ ಮುಂದುವರಿಸಬೇಕೆಂದು ಹೇಳುತ್ತದೆ. ಆದುದರಿಂದ ಕುಳಿತು ಯೋಚಿಸಲು ನಮಗೆ ಕಾಲಾವಕಾಶ ಉಂಟು.

ಯೋಚನೆಯ ಆರಂಭ ಹೀಗಿರಬೇಕು: ನಿರಾಕರಣೆಯೂ ಒಂದು ಉತ್ತರವೇ. ಉತ್ತರವಿದ್ದಲ್ಲಿ ಉತ್ತರ ಕೊಟ್ಟವನೊಬ್ಬನು ಇರಲೇಬೇಕು. ಅವನು ಯಾರು? ಈ ಪ್ರಶ್ನೆಯನ್ನು ಬಿಡಿಸಿದರೆ ಶೋಧನೆಯ ಮುಕ್ಕಾಲು ಭಾಗ ಮುಗಿದಂತೆ.

ಕದ ತಟ್ಟುವ ಕ್ರಮ

ಸರ್ವರುಗಳು ಪರಸ್ಪರ ಪತ್ರ ಸಾಗಿಸುವ ನಿಯಮಾವಳಿಗೆ ಎಸ್‌ಎಂಟಿಪಿ ಎಂದು ಹೆಸರು. ಅಮೆರಿಕದ ಜಾನ್ ಪೋಸ್ಟೆಲ್ ಅವರು ಇದನ್ನು ೧೯೮೨ರಲ್ಲಿ ಪ್ರಕಟಿಸಿದರು. ಇದು ಟಿಸಿಪಿ ಎಂಬ ಇನ್ನೊಂದು ನಿಯಮಾವಳಿಯ ಹೆಗಲೇರಿ ನಡೆಯುತ್ತದೆ. ಕಂಪ್ಯೂಟರಿನ ಐಪಿ ವಿಳಾಸವನ್ನು ಮನೆಯ ವಿಳಾಸವೆಂದು ಭಾವಿಸಿದರೆ, ಪೋರ್ಟು ಎಂಬುದು ಆ ಮನೆಯ ಬಾಗಿಲಿನ ಸಂಖ್ಯೆ. ಸರ್ವರುಗಳು ಒಂದಕ್ಕೊಂದು ಪತ್ರ ಕೊಡುವ ಬಾಗಿಲು ೨೫ನೆಯದು. ಮನೆಯವರು ತಾವು ಬರೆದುದನ್ನು ಸರ್ವರಿಗೆ ಒಪ್ಪಿಸುವ ಬಾಗಿಲು ೫೮೭ ಅಥವಾ ೪೬೫. ಬಂದುದನ್ನು ಓದಿಕೊಳ್ಳುವ ಬಾಗಿಲು ಸಾಮಾನ್ಯವಾಗಿ ೯೯೩. ಒಂದು ತೆರೆದಿದ್ದು ಇನ್ನೊಂದು ಮುಚ್ಚಿರಬಹುದಾದುದರಿಂದ, ಯಾವ ಬಾಗಿಲು ನಿರಾಕರಿಸುತ್ತಿದೆಯೆಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ಇಲ್ಲಿ ನಾವು ೨೫ನೆಯದನ್ನೇ ಉದಾಹರಣೆಯಾಗಿ ಹಿಡಿಯುವೆವು.

ಹೊರಗಿನ ಯಂತ್ರವು ಮೊದಲು ‘ಸಿನ್’ ಎಂಬ ಗುರುತುಳ್ಳ ಒಂದು ಪುಟ್ಟ ಪ್ಯಾಕೆಟ್ಟನ್ನು ಕಳುಹಿಸುತ್ತದೆ. ಇದೇ ಕದ ತಟ್ಟುವಿಕೆ. ಒಳಗೆ ಅಂಚೆಯ ತಂತ್ರಾಂಶವು ಕಿವಿಗೊಟ್ಟು ಕುಳಿತಿದ್ದರೆ ‘ಸಿನ್-ಅಕ್’ ಎಂಬ ಒಪ್ಪಿಗೆ ಹೊರಡುತ್ತದೆ. ಅದಕ್ಕೆ ‘ಅಕ್’ ಎಂಬ ಮರುನುಡಿ ಬಂದೊಡನೆ ಸಂಪರ್ಕ ಸಿದ್ಧ. ಆ ಬಾಗಿಲಿನ ಹಿಂದೆ ಯಾವ ತಂತ್ರಾಂಶವೂ ಇಲ್ಲದಿದ್ದರೆ ಕಾರ್ಯಾಚರಣ ವ್ಯವಸ್ಥೆಯೇ ‘ರೀಸೆಟ್’ ಎಂಬ ಪ್ಯಾಕೆಟ್ಟನ್ನು ಹಿಂದಕ್ಕೆ ಕಳುಹಿಸುತ್ತದೆ. ನಿರಾಕರಣೆ ಎಂದರೆ ಬಹುಮಟ್ಟಿಗೆ ಇದೇ.

ಸಾಲಗಾರನ ಮನೆಯ ಮಗು ‘ಅಪ್ಪ ಮನೆಯಲ್ಲಿಲ್ಲವೆಂದು ಹೇಳು ಅಂದರು’ ಎಂದು ಬಾಗಿಲಲ್ಲಿ ನಿಂತು ನುಡಿದ ಕಥೆಯನ್ನು ಎಲ್ಲರೂ ಕೇಳಿರುವರಷ್ಟೆ. ರೀಸೆಟ್ಟಿನ ಸ್ವಭಾವವೂ ಹಾಗೆಯೇ. ‘ಇಲ್ಲಿ ಯಾರೂ ಇಲ್ಲ’ ಎಂಬ ಮಾತು ಬಂದಿತೆಂದರೆ ದಾರಿ ಸರಿಯಿದೆ, ಯಂತ್ರಕ್ಕೆ ವಿದ್ಯುತ್ತಿದೆ, ತಂತಿ ಕಡಿದಿಲ್ಲ ಎಂಬಿಷ್ಟೂ ಒಮ್ಮೆಗೇ ತಿಳಿಯುತ್ತದೆ.

ಇದಕ್ಕೆ ವ್ಯತಿರಿಕ್ತವಾದುದು ಮೌನ. ದಾರಿಯಲ್ಲಿರುವ ಫೈರ್‌ವಾಲು ತಟ್ಟುವಿಕೆಯನ್ನು ಸದ್ದಿಲ್ಲದೆ ನುಂಗಿಬಿಟ್ಟರೆ ಯಾವ ಉತ್ತರವೂ ಬರುವುದಿಲ್ಲ. ತಟ್ಟುವ ಯಂತ್ರವು ಸ್ವಲ್ಪ ಸ್ವಲ್ಪ ಅಂತರವನ್ನು ಹೆಚ್ಚಿಸುತ್ತ ಮತ್ತೆ ಮತ್ತೆ ತಟ್ಟಿ, ಲಿನಕ್ಸಿನಲ್ಲಾದರೆ ಸುಮಾರು ಎರಡು ನಿಮಿಷಗಳ ಬಳಿಕ, ‘ಕನೆಕ್ಷನ್ ಟೈಮ್ಡ್ ಔಟ್’ ಎಂದು ಕೈಚೆಲ್ಲುತ್ತದೆ. ಕ್ಷಣಮಾತ್ರದಲ್ಲಿ ಬಂದ ನಿರಾಕರಣೆಯನ್ನೂ ಎರಡು ನಿಮಿಷದ ಮೌನವನ್ನೂ ಒಂದೇ ರೋಗವೆಂದು ತಿಳಿಯುವುದರಿಂದ ಎಷ್ಟೋ ಸಂಜೆಗಳು ವ್ಯರ್ಥವಾಗುತ್ತವೆ. ಆದರೆ ಒಂದು ಎಚ್ಚರಿಕೆ: ಕೆಲವು ಫೈರ್‌ವಾಲುಗಳು ನುಂಗುವುದರ ಬದಲು ತಾವೇ ನಿರಾಕರಣೆಯನ್ನು ಹೇಳಿ ಕಳುಹಿಸುತ್ತವೆ. ದೂರದಲ್ಲಿ ನಿಂತವನಿಗೆ ಮನೆಯವನ ಮಾತಿಗೂ ಕಾವಲುಗಾರನ ಮಾತಿಗೂ ವ್ಯತ್ಯಾಸವೇ ಕಾಣುವುದಿಲ್ಲ. ಆದಕಾರಣ ಒಳಗಿನಿಂದ ಹೊರಕ್ಕೆ ಒಂದೊಂದೇ ಹೆಜ್ಜೆ ಇಡುತ್ತ ಬರುವುದು ಉತ್ತಮ.

ಮೊದಲ ಹೆಜ್ಜೆ ಸರ್ವರಿನ ಎದುರಿಗೇ

ಸರ್ವರಿನ ಮುಂದೆ ಕುಳಿತು, ಟೆಲ್ನೆಟ್ ಎಂಬ ಸರಳ ಸಾಧನದಿಂದ ೧೨೭.೦.೦.೧ ಎಂಬ ವಿಳಾಸದ ೨೫ನೆಯ ಪೋರ್ಟನ್ನು ತಟ್ಟೋಣ. ೨೨೦ ಎಂಬ ಅಂಕಿಯಿಂದ ಆರಂಭವಾಗುವ ಸ್ವಾಗತದ ಸಾಲೊಂದು ಬಂದರೆ ಅಂಚೆಯ ತಂತ್ರಾಂಶವು ಜೀವಂತವಾಗಿದೆ. ಇಲ್ಲಿಯೇ ನಿರಾಕರಣೆ ಬಂದರೆ ರೂಟರನ್ನಾಗಲಿ ಸಂಪರ್ಕ ಕೊಟ್ಟ ಸಂಸ್ಥೆಯನ್ನಾಗಲಿ ದೂರುವುದು ನಿರರ್ಥಕ, ತಂತ್ರಾಂಶವೇ ಎದ್ದಿಲ್ಲ. ಸಂರಚನೆಯ ಕಡತದಲ್ಲಿ ಅಕ್ಷರದೋಷವಿರಬಹುದು. ಮೊದಲೇ ಇದ್ದ ಎಕ್ಸಿಮ್‌ನಂಥ ಬೇರೊಂದು ಅಂಚೆಯ ತಂತ್ರಾಂಶವು ೨೫ನೆಯ ಬಾಗಿಲನ್ನು ಆಕ್ರಮಿಸಿ, ಬಳಿಕ ನಿಂತುಹೋಗಿರಬಹುದು. ಊಹೆಗಿಂತ ದಿನಚರಿಯ ಕಡತವನ್ನು ಓದುವುದು ಮೇಲು. ಅದರ ಕೊನೆಯ ಹತ್ತಿಪ್ಪತ್ತು ಸಾಲುಗಳಲ್ಲಿ ಕಾರಣವು ಸಾಮಾನ್ಯವಾಗಿ ನೇರವಾದ ಮಾತಿನಲ್ಲಿಯೇ ಬರೆದಿರುತ್ತದೆ. ಅದನ್ನು ಓದದೆ ತಂತ್ರಾಂಶವನ್ನೇ ಅಳಿಸಿ ಮರುಸ್ಥಾಪಿಸುವವರನ್ನು ಕಂಡರೆ ನಮಗೆ ಅಚ್ಚರಿಯೆನಿಸುತ್ತದೆ.

ಸ್ವಾಗತದ ಸಾಲು ಬಂದಿತೆಂದು ಇಟ್ಟುಕೊಳ್ಳೋಣ. ಈಗ ಮನೆಯ ಇನ್ನೊಂದು ಕಂಪ್ಯೂಟರಿನಿಂದ, ಸರ್ವರಿನ ಮನೆವಿಳಾಸವನ್ನು (ಅದು ೧೯೨.೧೬೮.೧.೧೦ ಆಗಿರಲಿ) ತಟ್ಟಬೇಕು. ಅಲ್ಲಿ ಒಪ್ಪಿಗೆ, ಇಲ್ಲಿ ನಿರಾಕರಣೆ! ಹೊಸಬರನ್ನು ಅತಿ ಹೆಚ್ಚು ಗೊಂದಲಕ್ಕೆ ಬೀಳಿಸುವ ಸ್ಥಿತಿ ಇದು. ಇದರ ಮರ್ಮವನ್ನು ತಿಳಿಯಲು ೧೨೭.೦.೦.೧ ಎಂಬ ವಿಳಾಸದ ವೈಚಿತ್ರ್ಯವನ್ನು ಅರಿಯಬೇಕು. ‘ನಾನು’ ಎಂಬ ಸರ್ವನಾಮವನ್ನು ಯಾರು ಆಡಿದರೂ ಅದು ಆಡಿದವನನ್ನೇ ಸೂಚಿಸುವಂತೆ, ಈ ವಿಳಾಸವನ್ನು ಯಾವ ಕಂಪ್ಯೂಟರು ಬಳಸಿದರೂ ಅದು ಆ ಕಂಪ್ಯೂಟರನ್ನೇ ಸೂಚಿಸುತ್ತದೆ. ಈ ವಿಳಾಸಕ್ಕೆ ಹೊರಟ ಪ್ಯಾಕೆಟ್ಟು ಯಂತ್ರದಿಂದ ಹೊರಗೆ ಕಾಲಿಡುವುದೇ ಇಲ್ಲ. ಅಂಚೆಯ ತಂತ್ರಾಂಶವು ಈ ವಿಳಾಸಕ್ಕೆ ಮಾತ್ರ ಕಿವಿಗೊಟ್ಟಿದ್ದರೆ ಅದು ತನ್ನೊಳಗಿನ ಮಾತನ್ನಷ್ಟೆ ಕೇಳಿಸಿಕೊಳ್ಳುವುದು. ಹೊರಗಿನವರ ಪಾಲಿಗೆ ೨೫ನೆಯ ಬಾಗಿಲಿನ ಹಿಂದೆ ಯಾರೂ ಇಲ್ಲ.

ಯಾವ ವಿಳಾಸಕ್ಕೆ ಯಾವ ತಂತ್ರಾಂಶವು ಕಿವಿಗೊಟ್ಟಿದೆಯೆಂಬುದನ್ನು ಲಿನಕ್ಸಿನ ‘ಎಸ್‌ಎಸ್’ ಎಂಬ ಆಜ್ಞೆಯು ಪಟ್ಟಿಮಾಡಿ ತೋರಿಸುತ್ತದೆ. ಪಟ್ಟಿಯಲ್ಲಿ ೨೫ರ ಹಿಂದೆ ೧೨೭.೦.೦.೧ ಎಂದು ಮಾತ್ರ ಇದ್ದರೆ ರೋಗ ಇದೇ. ೦.೦.೦.೦ ಎಂದಿದ್ದರೆ ಎಲ್ಲ ವಿಳಾಸಗಳಿಗೂ ಕಿವಿಗೊಟ್ಟಿದೆ ಎಂದರ್ಥ. ಕೆಲವು ಲಿನಕ್ಸ್ ಸಂಕಲನಗಳು ಪೋಸ್ಟ್‌ಫಿಕ್ಸನ್ನು ಬೇಕೆಂದೇ ಹೀಗೆ ಬಿಗಿಮಾಡಿ ಕೊಡುತ್ತವೆ. ತಿಳಿಯದೆ ಯಾರೂ ಬಾಗಿಲು ತೆರೆದಿಡಬಾರದೆಂಬುದು ಅವುಗಳ ಉದ್ದೇಶ. ಪೋಸ್ಟ್‌ಫಿಕ್ಸಿನ ಮುಖ್ಯ ಸಂರಚನಾ ಕಡತದಲ್ಲಿ ‘ಇನೆಟ್ ಇಂಟರ್‌ಫೇಸಸ್’ ಎಂಬ ಸಾಲನ್ನು ತಿದ್ದಿದರೆ ಸಾಕು. ತಿದ್ದಿದ ಮೇಲೆ ಕಡತವನ್ನು ಮರಳಿ ಓದಿಸಿದರೆ ಸಾಲದು. ಈ ಒಂದು ಸಾಲಿನ ಮಟ್ಟಿಗೆ ತಂತ್ರಾಂಶವನ್ನು ಪೂರ್ತಿ ನಿಲ್ಲಿಸಿ ಮತ್ತೆ ಆರಂಭಿಸಬೇಕು. ತಿದ್ದಿಯೂ ಫಲ ಕಾಣದವರಲ್ಲಿ ಅನೇಕರು ಈ ಕೊನೆಯ ಕೆಲಸವನ್ನು ಬಿಟ್ಟವರೇ.

ಹೊರಗಿನ ಲೋಕ

ಮನೆಯೊಳಗೆ ಎಲ್ಲೆಡೆಯಿಂದಲೂ ೨೨೦ ಬರುತ್ತಿದ್ದು ಹೊರಗಿನವರಿಗೆ ಮಾತ್ರ ನಿರಾಕರಣೆಯಾದರೆ ರೂಟರಿನ ಕಡೆಗೆ ತಿರುಗಬೇಕು. ಮೊದಲ ಪೀಳಿಗೆಯ ಐಪಿ ವಿಳಾಸಗಳು ಒಟ್ಟು ಸುಮಾರು ೪೨೯ ಕೋಟಿ. ವಿಶ್ವದ ಕೇಂದ್ರ ಭಂಡಾರದಲ್ಲಿ ಹಂಚದೆ ಉಳಿದಿದ್ದ ವಿಳಾಸಗಳು ೨೦೧೧ರ ಫೆಬ್ರವರಿಯಲ್ಲಿ ಮುಗಿದುಹೋದುವು. ಅದಕ್ಕೂ ಮೊದಲೇ ಕೊರತೆಯನ್ನು ಕಂಡು ಮಾಡಿಕೊಂಡ ಉಪಾಯದಂತೆ, ಇಡೀ ಮನೆಗೆ ಹೊರಲೋಕದ ವಿಳಾಸ ಒಂದೇ, ೧೯೨.೧೬೮ ಎಂದು ಆರಂಭವಾಗುವವು ಮನೆಯೊಳಗೆ ಮಾತ್ರ ಸಲ್ಲುವ ವಿಳಾಸಗಳು. ಹೊರಗಿನ ತಟ್ಟುವಿಕೆಯು ಬಂದು ನಿಲ್ಲುವುದು ರೂಟರಿನ ಮುಂದೆ. ‘೨೫ನೆಯ ಪೋರ್ಟಿಗೆ ಬಂದುದನ್ನು ೧೯೨.೧೬೮.೧.೧೦ಕ್ಕೆ ದಾಟಿಸು’ ಎಂದು ನಾವು ಹೇಳಿಡದಿದ್ದರೆ ರೂಟರು ತಾನೇ ನಿರಾಕರಿಸುವುದು, ಇಲ್ಲವೆ ಮೌನವಾಗಿರುವುದು. ಹೇಳಿಟ್ಟಿದ್ದರೂ, ವಿದ್ಯುತ್ತು ಹೋಗಿ ಬಂದ ಮೇಲೆ ರೂಟರು ವಿಳಾಸಗಳನ್ನು ಹೊಸದಾಗಿ ಹಂಚಿ, ಆ ವಿಳಾಸವು ಯಾರದೋ ಫೋನಿಗೆ ದೊರೆತಿರಬಹುದು. ಆಗ ನಿರಾಕರಿಸಿದವನು ಆ ಬಡಪಾಯಿ ಫೋನು! ಸರ್ವರಿಗೆಂದು ಒಂದು ವಿಳಾಸವನ್ನು ರೂಟರಿನಲ್ಲಿ ಕಾದಿರಿಸುವುದೇ ಇದಕ್ಕೆ ಪರಿಹಾರ.

ಉತ್ತರ ಕೊಟ್ಟವನು ಯಾರೆಂದು ನಿರ್ಣಯಿಸುವ ಪ್ರಯೋಗವೊಂದು ಉಂಟು. ಸರ್ವರಿನಲ್ಲಿ ‘ಟಿಸಿಪಿಡಂಪ್’ ಎಂಬ ಸಾಧನವನ್ನು ಓಡಿಸಿ ೨೫ನೆಯ ಪೋರ್ಟಿನ ಮೇಲೆ ಕಣ್ಣಿಡಬೇಕು. ಹೊರಗಿನ ಗೆಳೆಯನು ತಟ್ಟಿದಾಗ ಸಿನ್ ಪ್ಯಾಕೆಟ್ಟು ಇಲ್ಲಿ ಕಾಣಿಸಿದರೆ ದಾರಿಯೆಲ್ಲ ಸರಿ. ದೋಷ ಈ ಯಂತ್ರದ್ದೇ. ಗೆಳೆಯನಿಗೆ ನಿರಾಕರಣೆ ಬಂದು ಇಲ್ಲಿ ಏನೂ ಕಾಣಿಸದಿದ್ದರೆ ನಿರಾಕರಿಸಿದವನು ಬೇರೆಯವನು. ಇಷ್ಟು ಸ್ಪಷ್ಟವಾಗಿ ತೀರ್ಪು ಕೊಡುವ ಪ್ರಯೋಗವು ಈ ಕೆಲಸದಲ್ಲಿ ಮತ್ತೊಂದಿಲ್ಲ.

ಆದರೆ ಗೆಳೆಯನು ತಟ್ಟುವ ಸ್ಥಳವೂ ಮುಖ್ಯ. ಮನೆಯೊಳಗಿನಿಂದಲೇ ಮನೆಯ ಹೊರವಿಳಾಸವನ್ನು ತಟ್ಟಿದರೆ ಕೆಲವು ರೂಟರುಗಳು ಅದನ್ನು ಸರಿಯಾಗಿ ತಿರುಗಿಸಲಾರವು. ಮೇಲಾಗಿ ಮನೆಗಳಿಗೂ ಮೊಬೈಲುಗಳಿಗೂ ಸಂಪರ್ಕ ಕೊಡುವ ಅನೇಕ ಸಂಸ್ಥೆಗಳು, ಕಸದ ಪತ್ರಗಳ ಹಾವಳಿಗೆ ಅಂಜಿ, ೨೫ನೆಯ ಪೋರ್ಟಿಗೆ ಹೊರಡುವ ಪ್ಯಾಕೆಟ್ಟುಗಳನ್ನು ತಡೆದಿರುತ್ತವೆ. ಹಾಗಿದ್ದಲ್ಲಿ ಗೆಳೆಯನ ಪ್ಯಾಕೆಟ್ಟು ಅವನ ಊರನ್ನೇ ಬಿಟ್ಟಿರುವುದಿಲ್ಲ. ತಪ್ಪು ಮಾತ್ರ ನಮ್ಮ ಸರ್ವರಿನ ತಲೆಗೆ ಬರುತ್ತದೆ. ಪ್ರಯೋಗಶಾಲೆಯಲ್ಲಿ ಹೋಲಿಕೆಗೆ ಮತ್ತೊಂದು ಮಾದರಿಯನ್ನು ಇಡುವಂತೆ, ಅವನು ಮೊದಲು ಚೆನ್ನಾಗಿ ನಡೆಯುತ್ತಿರುವ ಬೇರೊಂದು ಅಂಚೆಯ ಸರ್ವರಿನ ೨೫ನೆಯ ಪೋರ್ಟನ್ನು ತಟ್ಟಿ ೨೨೦ ಪಡೆಯಲಿ. ಆ ಬಳಿಕವೇ ನಮ್ಮದನ್ನು ಪರೀಕ್ಷಿಸಲಿ.

ರೂಟರಿನ ಹೊರಮೈಯ ವಿಳಾಸವನ್ನೂ ಒಮ್ಮೆ ನೋಡಬೇಕು. ಅದು ೧೦೦.೬೪ರಿಂದ ೧೦೦.೧೨೭ರವರೆಗಿನ ಗುಂಪಿಗೆ ಸೇರಿದ್ದರೆ, ಹೊರಲೋಕದ ವಿಳಾಸವು ನಮಗೆ ದೊರೆತೇ ಇಲ್ಲ. ಸಂಪರ್ಕ ಸಂಸ್ಥೆಯು ಒಂದೇ ವಿಳಾಸವನ್ನು ಅನೇಕ ಮನೆಗಳಿಗೆ ಹಂಚಿದೆ. ಈ ಗುಂಪನ್ನು ಇದೇ ಉದ್ದೇಶಕ್ಕಾಗಿ ೨೦೧೨ರಲ್ಲಿ ಮೀಸಲಿಡಲಾಯಿತು. ಆಗ ಮನೆಯಲ್ಲಿ ಏನು ತಿದ್ದಿದರೂ ಫಲವಿಲ್ಲ. ಹಣ ತೆತ್ತು ಸ್ಥಿರವಾದ ಸಾರ್ವಜನಿಕ ವಿಳಾಸವನ್ನು ಕೇಳಿ ಪಡೆಯಬೇಕು, ಇಲ್ಲವೆ ಹೊರಗೆ ಬಾಡಿಗೆಗೆ ಹಿಡಿದ ಯಂತ್ರದ ಮೂಲಕ ಪತ್ರಗಳನ್ನು ಮನೆಗೆ ತರಿಸಿಕೊಳ್ಳಬೇಕು.

ಇನ್ನು ಹೆಸರಿನ ವಿಷಯ. ಡೊಮೇನಿನ ಪತ್ರಗಳನ್ನು ಯಾವ ಯಂತ್ರಕ್ಕೆ ಒಯ್ಯಬೇಕೆಂಬುದನ್ನು ಎಂಎಕ್ಸ್ ಎಂಬ ದಾಖಲೆಯೂ, ಆ ಯಂತ್ರದ ಐಪಿ ವಿಳಾಸವನ್ನು ಇನ್ನೊಂದು ದಾಖಲೆಯೂ ಹೇಳುತ್ತವೆ. ಮನೆಯ ವಿಳಾಸವು ಆಗಾಗ ಬದಲಾಗುವಂಥದಾಗಿದ್ದು ದಾಖಲೆಯನ್ನು ತಿದ್ದದಿದ್ದರೆ, ನಮ್ಮ ಪತ್ರಗಳು ನಮ್ಮ ಹಳೆಯ ವಿಳಾಸವನ್ನು ಪಡೆದ ಅಪರಿಚಿತನ ಬಾಗಿಲನ್ನು ತಟ್ಟುತ್ತಿರುತ್ತವೆ. ಅವನ ಯಂತ್ರವು ನಿರಾಕರಿಸುವುದು ನ್ಯಾಯವೇ. ಅವನಲ್ಲಿ ಅಂಚೆಯ ಸರ್ವರೊಂದು ಇದ್ದುಬಿಟ್ಟರೆ ಮಾತ್ರ ನಿರಾಕರಣೆಗಿಂತ ಕೆಟ್ಟದ್ದು ನಡೆಯಬಹುದು. ಆರನೆಯ ಆವೃತ್ತಿಯ ಐಪಿ ವಿಳಾಸವನ್ನು ದಾಖಲೆಯಲ್ಲಿ ಬರೆಸಿ, ಸರ್ವರು ಆ ವಿಳಾಸಕ್ಕೆ ಕಿವಿಗೊಡದಿದ್ದರೂ ಕೆಲವರಿಗೆ ಮಾತ್ರ ನಿರಾಕರಣೆ ಕಾಣಿಸುತ್ತದೆ.

ಬಾಗಿಲು ತೆರೆದು ಹೊರಗಿನವರಿಗೂ ೨೨೦ ದೊರೆತ ಮೇಲೆ ಇನ್ನೊಂದು ಪರೀಕ್ಷೆ ಉಳಿದಿದೆ. ಹೊರಗಿನಿಂದ, ಗುಪ್ತಪದ ಕೊಡದೆ, ನಮ್ಮದಲ್ಲದ ಡೊಮೇನಿನವರಿಗೆ ಪತ್ರವೊಂದನ್ನು ಸಾಗಿಸಲು ನಮ್ಮ ಸರ್ವರನ್ನು ಕೇಳಬೇಕು. ‘ರಿಲೇ ಆಕ್ಸೆಸ್ ಡಿನೈಡ್’ ಎಂಬ ಉತ್ತರ ಬರಬೇಕು. ಈ ನಿರಾಕರಣೆ ನಮಗೆ ಬೇಕಾದುದು. ಅದು ಬಾರದಿದ್ದರೆ ಆ ಕೂಡಲೇ ಸರ್ವರನ್ನು ನಿಲ್ಲಿಸಿ ಸಂರಚನೆಯನ್ನು ತಿದ್ದಬೇಕು. ಬಂದರೆ ದಿನಚರಿಯ ಕಡತವನ್ನು ತೆರೆದಿಟ್ಟು ಕಾಯಬಹುದು. ಕಳುಹಿಸಿದ ಸರ್ವರುಗಳ ಸಾಲಿನಲ್ಲಿ ನಿಂತಿದ್ದ ಪತ್ರಗಳು ಅವವುಗಳ ಮುಂದಿನ ಪ್ರಯತ್ನದ ವೇಳೆಗೆ ಸರಿಯಾಗಿ, ಒಂದೊಂದಾಗಿ ಬಂದು ಸೇರುತ್ತವೆ.